ತಿರುಗಾಟದ ಹಿಂಬದಿಗೊಂದು ಕ್ಯಾಮೆರಾ

ಸಾಗರ ತಾಲ್ಲೂಕಿನ ಹೆಗ್ಗೋಡಿನಿಂದ ಊರೂರಿಗೆ ನಾಟಕ ಹೊರಡುತ್ತದೆ. ಅಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂ, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಲ್ಲಿ ‘ತಿರುಗಾಟ’ ಎಂಬ ಸಂಚಾರಿ ನಾಟಕ ತಂಡ ಶುರುಮಾಡಿತು. ಹಾಡು, ಹಾರ್ಮೋನಿಯಂ, ಕುಣಿತಗಳಿಗೆ ಇಲ್ಲಿ ಬರವಿಲ್ಲ. ಆದರೂ ಇಂಥ ತಂಡಗಳ ಫೋಟೊ ಎಂದರೆ ನಮಗೆ ಸಿಗುವುದು ಬೆಳಕು ಬಿದ್ದ ಮುಖಗಳೇ. ನಾಟಕವೇನೋ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಅದೇ. ಊರಿಂದೂರಿಗೆ ಬದಲಾಗುವುದು ಪರದೆಯ ಹಿಂದಿನದು. ಒಂದು ಕಡೆ ಶಾಲೆಯ ಬಯಲು, ಇನ್ನೊಂದು ಕಡೆ ಕಲ್ಯಾಣಮಂಟಪ. ಎತ್ತರ ಸಾಲದ ಕಡೆ ಪರದೆಯನ್ನು ಮಡಚಿ ಕಟ್ಟಬೇಕು, ಲೈಟು ತೂಗಲು ಜಾಗ ಹುಡುಕಬೇಕು. ಬೆಳಿಗ್ಗೆ ಸೆಟ್ಟು ಇಳಿಸಿದವರೇ ರಾತ್ರಿ ಬಣ್ಣ ಹಚ್ಚಿ ಪಾತ್ರವಾಗುತ್ತಾರೆ. ಇದನ್ನು ಬಿಟ್ಟ ಚಿತ್ರಸಂಪುಟದಲ್ಲಿ ನಾಟಕ ಇರಬಹುದು, ತಿರುಗಾಟ ಇರುವುದಿಲ್ಲ.

ಗುಟ್ಟು ಬಯಲಾದರೆ ಸೊಗಸು ಹೋಗುತ್ತದೆ ಎಂಬ ಆಕ್ಷೇಪವಿದೆ. ನಮ್ಮ ಯಕ್ಷಗಾನದ ಚೌಕಿಯೇ ಅದಕ್ಕೆ ಉತ್ತರ. ವೇಷ ಕಟ್ಟುವುದನ್ನು ಚೌಕಿಯಲ್ಲಿ ಇಣುಕಿ ನೋಡಿದ ಮಕ್ಕಳೇ ರಂಗಕ್ಕೆ ಬಂದ ರಕ್ಕಸನಿಗೆ ಹೆದರುತ್ತಾರೆ. ಅಮೆರಿಕದ ‘ಷಿಕಾಗೊ’ ಎಂಬ ಜಾಝ್ ಸಂಗೀತ ನಾಟಕ 1996ರಲ್ಲಿ ಮತ್ತೆ ರಂಗಕ್ಕೆ ಬಂದಾಗ ವಾದ್ಯದವರನ್ನು ವೇದಿಕೆಯ ಮೇಲೇ ಕೂರಿಸಿತು. ನಮ್ಮ ಭಾಗವತರು ಎಂದಿನಿಂದಲೋ ಅಲ್ಲೇ ಕೂತಿದ್ದಾರೆ. ಹಾಗೆಂದು ಕ್ಯಾಮೆರಾಕ್ಕೆ ಎಲ್ಲ ಸಲಿಗೆಯೂ ಇಲ್ಲ. ಬಟ್ಟೆ ಬದಲಿಸುವ ಕಡೆ ಫೋಟೊ ಬೇಡ ಎನ್ನುವ ಆಕ್ಷೇಪಕ್ಕೆ ಕಲೆಯ ಹೆಸರಿನಲ್ಲಿ ವಾದ ಹೂಡುವುದು ಸಲ್ಲ. ಅಲ್ಲಿ ಕ್ಯಾಮೆರಾ ಚೀಲದಲ್ಲೇ ಇರಬೇಕು. ಫ್ಲಾಷ್ ಅಂತೂ ಕೂಡದು. ಕತ್ತಲಲ್ಲಿ ಪ್ರವೇಶಕ್ಕೆ ಕಾದು ನಿಂತ ನಟಿಯ ಕಣ್ಣು ಕೋರೈಸಿದರೆ ರಂಗದಲ್ಲಿ ಅವಳ ಹೆಜ್ಜೆ ತಪ್ಪುತ್ತದೆ. ಎಫ್ 1.8ರ ಲೆನ್ಸು, ಐಎಸ್‌ಒ 3200, ಸದ್ದಿಲ್ಲದ ಶಟರ್ ಇದ್ದರೆ ಸೈಡ್‌ವಿಂಗಿಗೆ ಸೋರುವ ಬೆಳಕೇ ಸಾಕು. ಆ ಬೆಳಕಿನಲ್ಲಿ ಸಿಗುವುದು ಮಾತು ಮೆಲುಕುಹಾಕುವ ತುಟಿ, ಅರ್ಧ ಬಣ್ಣದ ಮುಖದಲ್ಲೇ ಹಗ್ಗ ಎಳೆಯುವ ಕೈ. ಕನ್ನಡಿಯ ಮುಂದೆ ಕಾಡಿಗೆ ತೀಡುವ ಚಿತ್ರ ಮಾತ್ರ ಇನ್ನು ಸಾಕು, ಅದು ಬೇಕಾದಷ್ಟು ಬಂದಾಗಿದೆ.

ಎಲ್ಲರ ಕೈಯಲ್ಲೂ ಮೊಬೈಲಿದೆ, ಬೇರೆ ಫೋಟೊಗ್ರಾಫರ್ ಏಕೆ ಎಂದೂ ಕೇಳಬಹುದು. ಮೊಬೈಲಿನಲ್ಲಿ ಉಳಿಯುವುದು ವೇಷ ತೊಟ್ಟು ನಗುವ ಗುಂಪು; ಆ ಹೊತ್ತಿನಲ್ಲಿ ವೈರು ಸುತ್ತುತ್ತಿರುವವನು ಅದರಲ್ಲಿ ಇರುವುದಿಲ್ಲ. ಅವನ ಚಿತ್ರ ತೆಗೆದರಷ್ಟೇ ಸಾಲದು, ಒಪ್ಪಿಗೆ ಕೇಳಿ ಅವನ ಹೆಸರು, ನಾಟಕ, ಊರು, ತಾರೀಕುಗಳನ್ನು ಅಂದೇ ಬರೆದಿಡಬೇಕು. ಹತ್ತು ವರ್ಷದ ಮೇಲೆ ಅದು ಸೊರಬದ ಪರದೆಯೋ ಶಿಕಾರಿಪುರದ್ದೋ ಎಂದು ಚಿತ್ರ ನೋಡಿ ಹೇಳುವುದು ಕಟ್ಟಿದವರಿಗೂ ಕಷ್ಟ.