ಬಿ.ಕಾಂ. ಆದ ಮೇಲೆ ಏನು?

ಮದುವೆ ಮನೆಯಿರಲಿ, ಸಂಘದ ವಾರ್ಷಿಕೋತ್ಸವವಿರಲಿ, ನಮ್ಮವರು ನಾಲ್ಕು ಜನ ಸೇರಿದಲ್ಲಿ ಕಾಲೇಜಿಗೆ ಹೋಗುವ ಹುಡುಗನಿಗೆ ಊಟಕ್ಕೆ ಮೊದಲೇ ಒಂದು ಪ್ರಶ್ನೆ ಬಡಿಸುತ್ತಾರೆ: "ಬಿ.ಕಾಂ. ಆದ ಮೇಲೆ ಏನು ಮಾಡ್ತೀ?" ಉತ್ತರವನ್ನೂ ಅವರೇ ಬಡಿಸುತ್ತಾರೆ. ಒಬ್ಬರು ಸಿ.ಎ. ಮಾಡು ಅಂತಾರೆ. ಇನ್ನೊಬ್ಬರು ಬ್ಯಾಂಕ್ ಪರೀಕ್ಷೆಗೆ ಕೂತ್ಕೋ ಅಂತಾರೆ. ಮೂರನೆಯವರು, ಏನು ಬೇಕಾದ್ರೂ ಮಾಡು, ಹೋಟೆಲಿಗೆ ಮಾತ್ರ ಬರಬೇಡ ಅಂತಾರೆ. "ಇನ್ನೂ ನಿಶ್ಚಯ ಮಾಡಿಲ್ಲ" ಎಂದರೆ ಎಲ್ಲರ ಮುಖವೂ ಸಣ್ಣದಾಗುತ್ತದೆ.

ನಿಶ್ಚಯವಾಗದಿರುವುದು ಸೋಮಾರಿತನವೆಂದು ನನಗೆ ಅನ್ನಿಸುವುದಿಲ್ಲ. ದಾರಿಗಳ ಹೆಸರು ಮಾತ್ರ ಗೊತ್ತಿದ್ದು ಅವುಗಳ ಖರ್ಚು, ಅವಧಿ, ಶರತ್ತು ಗೊತ್ತಿಲ್ಲದಾಗ ಯಾರಿಗಾದರೂ ನಿಶ್ಚಯ ಹೇಗೆ ಬರಬೇಕು? ನಾನು ವಾಣಿಜ್ಯದ ವಿದ್ಯಾರ್ಥಿ. ಆದುದರಿಂದ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ನಮ್ಮಂಥವರ ಈ ಪ್ರಶ್ನೆಯನ್ನು ಲೆಕ್ಕದ ಹಾಗೆ ಬಿಡಿಸಿ ನೋಡಲು ಹೊರಟಿದ್ದೇನೆ.

ಹಿರಿಯರ ಉತ್ತರ ಎಲ್ಲಿಂದ ಬಂತು?

"ಬ್ಯಾಂಕಿಗೆ ಸೇರು" ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಹಗಲು ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ದುಡಿದು, ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಮುಂಬಯಿಯಲ್ಲಿ ನಡೆಸಿದ ರಾತ್ರಿಶಾಲೆಗಳಲ್ಲಿ ಓದಿದವರ ತಲೆಮಾರು ನಮ್ಮ ಹಿಂದಿದೆ. ಅವರ ಕಾಲಕ್ಕೆ ಒಂದು ದೊಡ್ಡ ಬಾಗಿಲು ತೆರೆದಿತ್ತು. ಅವರ ಊರಿನ ಕಡೆಯೇ, ಮಂಗಳೂರು ಉಡುಪಿಗಳಲ್ಲಿ, 1906ರಲ್ಲಿ ಕೆನರಾ ಮತ್ತು ಕಾರ್ಪೊರೇಶನ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕುಗಳು ಹುಟ್ಟಿದ್ದವು. 1969ರ ಜುಲೈ 19ರಂದು ರಾಷ್ಟ್ರೀಕರಣವಾದ 14 ಬ್ಯಾಂಕುಗಳಲ್ಲಿ ಕೆನರಾ, ಸಿಂಡಿಕೇಟ್ ಇದ್ದವು. 1980ರ ಆರರಲ್ಲಿ ಕಾರ್ಪೊರೇಶನ್, ವಿಜಯಾ ಇದ್ದವು. 1969ರಲ್ಲಿ ದೇಶದಲ್ಲಿ ಸುಮಾರು 8 ಸಾವಿರ ಇದ್ದ ಬ್ಯಾಂಕ್ ಶಾಖೆಗಳು 1991ರ ಹೊತ್ತಿಗೆ ಸುಮಾರು 60 ಸಾವಿರವಾದವು. ಲೆಡ್ಜರನ್ನು ಕೈಯಲ್ಲೇ ಬರೆಯುವ ಕಾಲ. ಪ್ರತಿ ಶಾಖೆಗೂ ಗುಮಾಸ್ತರು ಬೇಕು. ಮುಂಬಯಿಯ ಬಿಲ್ಲವರ ಅಸೋಸಿಯೇಶನ್ ಅಂತೂ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನೇ ಕಟ್ಟಿತು.

ಆಮೇಲೆ ಲೆಡ್ಜರು ಹೋಗಿ ಕಂಪ್ಯೂಟರ್ ಬಂತು. 2000-01ರಲ್ಲಿ ಸಾರ್ವಜನಿಕ ಬ್ಯಾಂಕುಗಳು ತಂದ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸುಮಾರು ಒಂದು ಲಕ್ಷ ನೌಕರರು ಹೊರಬಂದರು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು; ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಬ್ಯಾಂಕಷ್ಟೇ ಅಲ್ಲ, "ಫ್ಯಾಕ್ಟರಿ ಅಂದ್ರೆ ಪರ್ಮನೆಂಟ್" ಎಂಬ ಮಾತೂ ಹಾಗೆಯೇ. ಕಲ್ಯಾಣದ ಹತ್ತಿರ ಮೋಹನೆಯ ಎನ್.ಆರ್.ಸಿ. ಕಾರ್ಖಾನೆ 2009ರಲ್ಲಿ ಬಾಗಿಲು ಹಾಕಿತು. ಕಾರ್ಖಾನೆಗಳ ಸಾಲು ಎನಿಸಿದ್ದ ಥಾಣೆ-ಬೇಲಾಪುರ ರಸ್ತೆಯಲ್ಲಿ ಈಗ ಐರೋಲಿ, ಘನ್ಸೋಲಿ, ಮಹಾಪೆಯ ಗಾಜಿನ ಆಫೀಸುಗಳು ನಿಂತಿವೆ.

ಹಿರಿಯರು ಸುಳ್ಳು ಹೇಳುತ್ತಿಲ್ಲ. ತಮ್ಮ ಕಾಲದ ನಿಜವನ್ನು ಹೇಳುತ್ತಿದ್ದಾರೆ. ಸಲಹೆಯನ್ನು ಗೌರವದಿಂದ ಕೇಳೋಣ. ಆದರೆ ಆ ಸಲಹೆಯ ಹಿಂದಿದ್ದ ಕಾರಣ ಈಗಲೂ ಉಂಟೋ ಇಲ್ಲವೋ ಎಂದು ನಾವೇ ನೋಡಿಕೊಳ್ಳಬೇಕು.

ಮೂರು ಪ್ರಶ್ನೆಗಳು

ಯಾವ ದಾರಿಯಾದರೂ ಸರಿ, ಅದಕ್ಕೆ ಮೂರು ಪ್ರಶ್ನೆ ಹಾಕಬೇಕು. ಒಂದು, ಮೊದಲ ಸಂಬಳ ಎಂದು ಬರುತ್ತದೆ? ಎರಡು, ಬಾಗಿಲಲ್ಲಿ ನಮ್ಮನ್ನು ಏನು ಕೇಳುತ್ತಾರೆ? ಮೂರು, ಅರ್ಧದಲ್ಲಿ ಬಿಡಬೇಕಾಗಿ ಬಂದರೆ ಕೈಯಲ್ಲಿ ಏನು ಉಳಿಯುತ್ತದೆ?

ಮೂರನೆಯದನ್ನು ಯಾರೂ ಕೇಳುವುದಿಲ್ಲ. ಹೊರಡುವ ಮೊದಲೇ ಅಪಶಕುನ ನುಡಿದಂತೆ ಅಂದುಕೊಳ್ಳುತ್ತಾರೆ. ಆದರೆ ಗುರಿ ನಿಶ್ಚಯವಾದವನಿಗೆ ಮೊದಲ ಎರಡು ಸಾಕು. ನಿಶ್ಚಯವಾಗದವನಿಗೆ ಮೂರನೆಯದೇ ಮುಖ್ಯ. ಯಾಕೆಂದರೆ ಅವನು ದಾರಿ ಬದಲಿಸುವ ಸಂಭವ ಹೆಚ್ಚು.

ಮೊದಲ ಪ್ರಶ್ನೆಗೆ ಅರ್ಧ ಉತ್ತರ ಮನೆಯಲ್ಲಿದೆ. "ಅಪ್ಪಾ, ಸಂಬಳ ಇಲ್ಲದೆ ನಾನು ಎಷ್ಟು ದಿನ ಓದಬಹುದು?" ಎಂದು ನಾನು ನೇರವಾಗಿ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಒಂದೂವರೆ ವರ್ಷ ಮಗಾ. ಅದಕ್ಕಿಂತ ಜಾಸ್ತಿ ಆದ್ರೆ ತಂಗಿಯ ಫೀಸಿಗೆ ಕಷ್ಟ ಆಗುತ್ತೆ" ಅಂದರು. ಮಾರ್ಗದರ್ಶನ ಶಿಬಿರಗಳಲ್ಲಿ ಯಾರೂ ಕೊಡದ ಅಂಕಿ ಇದು: 18 ತಿಂಗಳು. ನಿಮ್ಮ ಮನೆಯ ಅಂಕಿ ಬೇರೆ ಇರಬಹುದು. ಅದು ಗೊತ್ತಿಲ್ಲದೆ ದಾರಿ ಆರಿಸುವುದು ಬಜೆಟ್ ಇಲ್ಲದೆ ಅಂಗಡಿ ಹಾಕಿದಂತೆ.

ದಾರಿಗಳ ಲೆಕ್ಕ

ಸಿ.ಎ.ಯನ್ನೇ ಮೊದಲು ನೋಡೋಣ. ಬಿ.ಕಾಂ.ನಲ್ಲಿ ಶೇಕಡಾ 55 ಅಂಕ ಬಂದರೆ ಫೌಂಡೇಶನ್ ಪರೀಕ್ಷೆ ಬೇಡ, ನೇರ ಇಂಟರ್ಮೀಡಿಯೆಟ್‌ಗೆ ಹೆಸರು ನೋಂದಾಯಿಸಬಹುದು. ಅದರಲ್ಲಿ ಎರಡು ಗ್ರೂಪು, ಒಟ್ಟು ಆರು ಪೇಪರು. ಎರಡೂ ಗ್ರೂಪು ಪಾಸಾದ ಮೇಲೆ ಲೆಕ್ಕ ಪರಿಶೋಧಕರ ಕೈಕೆಳಗೆ ಆರ್ಟಿಕಲ್‌ಶಿಪ್. 2023ರ ಹೊಸ ಪದ್ಧತಿಯಲ್ಲಿ ಇದು ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಅದು ಮುಗಿದು ಆರು ತಿಂಗಳಾದ ಮೇಲೆ ಫೈನಲ್. ಎಲ್ಲವೂ ಮೊದಲ ಸಲವೇ ಪಾಸಾದರೂ ಮೂರು ವರ್ಷಕ್ಕೆ ಮೀರುತ್ತದೆ. ಹೆಚ್ಚಿನವರಿಗೆ ಮೊದಲ ಸಲ ಆಗುವುದಿಲ್ಲ. ಆರ್ಟಿಕಲ್‌ಶಿಪ್ಪಿನಲ್ಲಿ ಸ್ಟೈಪೆಂಡ್ ಸಿಗುತ್ತದೆ; ಅದು ಪಾಸು, ತಿಂಡಿ, ಪುಸ್ತಕದ ಖರ್ಚಿಗೆ ಆದೀತು, ಮನೆ ನಡೆಸಲಾರದು. ಅರ್ಧದಲ್ಲಿ ಬಿಟ್ಟರೆ? ಇಂಟರ್ ಪಾಸಾಗಿ ಆರ್ಟಿಕಲ್‌ಶಿಪ್ ಮುಗಿಸಿದವನನ್ನು ಕಂಪನಿಗಳ ಅಕೌಂಟ್ಸ್ ವಿಭಾಗ ಕರೆದು ಕೆಲಸ ಕೊಡುತ್ತದೆ. ಇಂಟರೇ ಆಗದೆ ಬಿಟ್ಟವನ ಕೈಯಲ್ಲಿ ಕಾಗದ ಏನೂ ಇಲ್ಲ, ಓದಿದ ವಿದ್ಯೆ ಮಾತ್ರ. ಹಾಗಾಗಿ ಇಂಟರ್ ಈ ದಾರಿಯ ಜಂಕ್ಷನ್. ಅಲ್ಲಿಯವರೆಗೆ ತಲುಪಲು ಎಷ್ಟು ಪ್ರಯತ್ನ ಮಾಡುತ್ತೇನೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಇನ್ನು ಬ್ಯಾಂಕು. ಯಾವ ಪದವಿಯಾದರೂ ಆಗುತ್ತದೆ. ಐ.ಬಿ.ಪಿ.ಎಸ್. ನಡೆಸುವ ಪರೀಕ್ಷೆಗಳಲ್ಲಿ ಗುಮಾಸ್ತರ ಹುದ್ದೆಗೆ ವಯಸ್ಸು 20ರಿಂದ 28, ಆಫೀಸರ್ ಹುದ್ದೆಗೆ 20ರಿಂದ 30. ಮೀಸಲಾತಿಯವರಿಗೆ ರಿಯಾಯಿತಿ ಉಂಟು. ಗುಮಾಸ್ತರಿಗೆ ಪ್ರಿಲಿಮ್ಸ್, ಮೇನ್ಸ್ ಎರಡೇ, ಸಂದರ್ಶನವಿಲ್ಲ. ಆಯ್ಕೆಯಾದರೆ ಪೂರ್ತಿ ಸಂಬಳ. ಆಗದಿದ್ದರೆ ಪ್ರಮಾಣಪತ್ರವೂ ಇಲ್ಲ, ಅನುಭವವೂ ಇಲ್ಲ. ಆದರೆ ಗಣಿತ, ತರ್ಕ, ಇಂಗ್ಲಿಷಿನ ಅದೇ ತಯಾರಿ ವಿಮೆ, ರೈಲ್ವೆ, ಸ್ಟಾಫ್ ಸೆಲೆಕ್ಷನ್ ಪರೀಕ್ಷೆಗಳಿಗೂ ಬಹುಮಟ್ಟಿಗೆ ಉಪಯೋಗಕ್ಕೆ ಬರುತ್ತದೆ. ಆದುದರಿಂದ ಒಂದೇ ಪರೀಕ್ಷೆಗೆ ಕಾದು ಕೂರುವುದಕ್ಕಿಂತ ಒಂದೇ ತಯಾರಿಯಿಂದ ನಾಲ್ಕು ಪರೀಕ್ಷೆ ಬರೆಯುವುದು ಜಾಣತನ.

ಮೂರನೆಯದು ಯಾರೂ ಹೆಮ್ಮೆಯಿಂದ ಹೇಳದ ದಾರಿ, ಸಣ್ಣ ಆಫೀಸಿನ ಲೆಕ್ಕಪತ್ರದ ಕೆಲಸ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಇದರ ಬೆಲೆ ಏರಿದೆ. ತಿಂಗಳ ಲೆಕ್ಕ ಸಲ್ಲಿಸುವ ವ್ಯಾಪಾರಿ ಮಾರಾಟದ ವಿವರವನ್ನು ಮುಂದಿನ ತಿಂಗಳ 11ರೊಳಗೆ, ತೆರಿಗೆಯ ರಿಟರ್ನನ್ನು 20ರೊಳಗೆ ಹಾಕಬೇಕು, ತಡವಾದರೆ ದಂಡ. ವಾಗ್ಳೆ ಎಸ್ಟೇಟಿನ ವರ್ಕ್‌ಶಾಪು, ವಾಶಿ ಮಾರುಕಟ್ಟೆಯ ಸಗಟು ವ್ಯಾಪಾರಿ, ನ್ಹಾವಾ ಶೇವಾ ಬಂದರಿನ ಸರಕು ಏಜೆಂಟ್, ನಮ್ಮವರ ಹೋಟೆಲು, ಎಲ್ಲರಿಗೂ ಇದನ್ನು ತಪ್ಪಿಲ್ಲದೆ ಮಾಡುವವರು ಬೇಕು. ಸಂಬಳ ಬೇಗ ಬರುತ್ತದೆ, ಸಣ್ಣದಿರುತ್ತದೆ. ಮೂರನೆಯ ಪ್ರಶ್ನೆಗೆ ಮಾತ್ರ ಇದರದ್ದೇ ಒಳ್ಳೆಯ ಉತ್ತರ: ದುಡಿದ ಪ್ರತಿ ತಿಂಗಳ ಅನುಭವವೂ ಕೈಯಲ್ಲೇ ಉಳಿಯುತ್ತದೆ. ಅಪಾಯ ಇನ್ನೊಂದು ಕಡೆ ಇದೆ. ಟ್ಯಾಲಿಯಲ್ಲಿ ಬಿಲ್ಲು ತುಂಬುವುದನ್ನಷ್ಟೇ ಕಲಿತು ಹತ್ತು ವರ್ಷ ಅದೇ ಕುರ್ಚಿಯಲ್ಲಿ ಕುಳಿತುಬಿಡಬಹುದು.

ಕನ್ನಡ ಮಾಧ್ಯಮ ಹೊರೆಯೇ?

ನಮ್ಮಲ್ಲಿ ಕೆಲವರು ನನ್ನಂತೆ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಹನ್ನೊಂದನೆಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಿದ್ದವರು. ಜಮೆ-ಖರ್ಚು ಗೊತ್ತಿದ್ದರೂ ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ನಾಲಗೆ ಒಣಗುತ್ತದೆ. ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಿ.ಎ. ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬೇಕು, ಕನ್ನಡದಲ್ಲಿಲ್ಲ. ಗುಮಾಸ್ತರ ಬ್ಯಾಂಕ್ ಪರೀಕ್ಷೆಗೆ ಒಂದು ಸಲಕ್ಕೆ ಒಂದೇ ರಾಜ್ಯದಿಂದ ಅರ್ಜಿ ಹಾಕಬಹುದು, ಆ ರಾಜ್ಯದ ಭಾಷೆ ಓದಲು ಬರೆಯಲು ಮಾತಾಡಲು ಬರಬೇಕು. ಮಹಾರಾಷ್ಟ್ರಕ್ಕೆ ಹಾಕಿದರೆ ಮರಾಠಿ. ಇಲ್ಲಿ ಬೆಳೆದ ನಮಗೆ ಅದು ಬರುತ್ತದೆ, ಬರೆಯುವ ಅಭ್ಯಾಸವೊಂದು ಬೇಕು. ಕರ್ನಾಟಕಕ್ಕೆ ಹಾಕಿದರೆ ಕನ್ನಡ, ಮತ್ತು ಇಂಗ್ಲಿಷ್ ವಿಭಾಗವೊಂದನ್ನು ಬಿಟ್ಟು ಪ್ರಶ್ನೆಗಳನ್ನು ಕನ್ನಡದಲ್ಲೇ ಓದಬಹುದು. ಸ್ಟೇಟ್ ಬ್ಯಾಂಕಿನ ಗುಮಾಸ್ತರ ನೇಮಕದಲ್ಲಂತೂ ಹತ್ತನೆಯ ಅಥವಾ ಹನ್ನೆರಡನೆಯ ಅಂಕಪಟ್ಟಿಯಲ್ಲಿ ಆ ಭಾಷೆ ಇದ್ದರೆ ಭಾಷಾ ಪರೀಕ್ಷೆಯೇ ಇಲ್ಲ. "ಕನ್ನಡ ಶಾಲೆಯಲ್ಲಿ ಓದಿ ಏನು ಸಿಕ್ತು?" ಎಂದು ಕೇಳುವವರಿಗೆ ಇದೂ ಒಂದು ಉತ್ತರ. ಆದರೆ ಕೆಲಸ ಕರ್ನಾಟಕದಲ್ಲಿರುತ್ತದೆ, ಮನೆ ಡೊಂಬಿವಲಿಯಲ್ಲಿರುತ್ತದೆ. ಅದಕ್ಕೆ ಮನೆಯವರೂ ತಯಾರಿರಬೇಕು.

ಲೋಕಲ್ ಟ್ರೇನಿನ ಲೆಕ್ಕವನ್ನೂ ಬಿಡಬಾರದು. ಡೊಂಬಿವಲಿಯಿಂದ ಫೋರ್ಟಿನ ಆಫೀಸಿಗೆ ಹೋಗಿ ಬರಲು ದಿನಕ್ಕೆ ಮೂರು ಗಂಟೆ ಹಿಡಿಯಿರಿ. 25 ದಿನಕ್ಕೆ 75 ಗಂಟೆ. ಪರೀಕ್ಷೆಗೆ ಓದುವವನಿಗೆ ಇದು ಒಂದು ಪೇಪರಿನ ತಯಾರಿ! 2004ರಲ್ಲಿ ಥಾಣೆ-ವಾಶಿ ರೈಲು ಶುರುವಾದ ಮೇಲೆ ನವಿಮುಂಬಯಿ ನಮಗೆ ಹತ್ತಿರವಾಗಿದೆ. ಸ್ಟೈಪೆಂಡ್ ಸ್ವಲ್ಪ ಕಡಿಮೆಯಾದರೂ ಥಾಣೆಯಲ್ಲೋ ವಾಶಿಯಲ್ಲೋ ಆರ್ಟಿಕಲ್‌ಶಿಪ್ ಮಾಡುವುದು ಲಾಭವೇ ಎಂದು ನನ್ನ ಅಭಿಪ್ರಾಯ.

ಗಡುವು

ಈ ಎಲ್ಲ ಲೆಕ್ಕದಿಂದ ನನಗೆ "ಇದೇ ನನ್ನ ಜನ್ಮದ ಕೆಲಸ" ಎಂಬ ಜ್ಞಾನೋದಯವೇನೂ ಆಗಿಲ್ಲ. ಸಿಕ್ಕಿದ್ದು ಒಂದು ಗಡುವು. ಅಪ್ಪ ಕೊಟ್ಟ 18 ತಿಂಗಳಲ್ಲಿ ಇಂಟರ್ಮೀಡಿಯೆಟ್‌ಗೆ ಎರಡು ಸಲ ಕೂರಬಹುದು. ಎರಡೂ ಗ್ರೂಪು ಆದರೆ ಸ್ಟೈಪೆಂಡಿನಲ್ಲಿ ಮನೆ ಹೇಗೆ ತೂಗಿಸುವುದೆಂದು ಅಪ್ಪನ ಹತ್ತಿರ ಇನ್ನೊಮ್ಮೆ ಕೂತು ಮಾತಾಡಿ ಆರ್ಟಿಕಲ್‌ಶಿಪ್. ಆಗದಿದ್ದರೆ ಹತ್ತೊಂಬತ್ತನೆಯ ತಿಂಗಳು ಲೆಕ್ಕಪತ್ರದ ಕೆಲಸ. ಓದಿದ ತೆರಿಗೆ, ಲೆಕ್ಕಶಾಸ್ತ್ರ ಅಲ್ಲಿ ದಂಡವಾಗುವುದಿಲ್ಲ. ಬ್ಯಾಂಕ್ ಪರೀಕ್ಷೆಗೆ ವಯಸ್ಸು ಆಗಲೂ ಇರುತ್ತದೆ.

ನಿಮ್ಮ ದಾರಿ ಇದೇ ಆಗಬೇಕೆಂದಿಲ್ಲ. ಒಂದು ಹಾಳೆಯಲ್ಲಿ ಮೂರು ಪ್ರಶ್ನೆ ಬರೆದು ಪ್ರತಿ ದಾರಿಯ ಎದುರು ಉತ್ತರ ತುಂಬಿ, ಕೊನೆಗೆ ಒಂದು ತಾರೀಕು ಹಾಕಿ. ತುಂಬಲಾಗದ ಜಾಗವಿದ್ದರೆ ಆ ಕೆಲಸ ಮಾಡುತ್ತಿರುವ ಒಬ್ಬರನ್ನು ಹುಡುಕಿ ಕೇಳಿ. ನಮ್ಮ ಊರುಗಳ ಕನ್ನಡ ಸಂಘಗಳಲ್ಲಿ ಬ್ಯಾಂಕಿನವರು, ಲೆಕ್ಕ ಪರಿಶೋಧಕರು, ಹೋಟೆಲಿನವರು ಎಲ್ಲರೂ ಸಿಗುತ್ತಾರೆ. ಮುಂದಿನ ಮದುವೆ ಮನೆಯಲ್ಲಿ ಯಾರಾದರೂ "ಏನು ಮಾಡ್ತೀ?" ಎಂದರೆ, "ನೀವು ಶುರು ಮಾಡಿದಾಗ ಮೊದಲ ಸಂಬಳ ಬರಲು ಎಷ್ಟು ದಿನ ಆಯ್ತು ಮಾವ?" ಎಂದು ನಾವೂ ಕೇಳೋಣ. ಆಗ ಅವರು ಸಲಹೆ ಬಿಟ್ಟು ಅನುಭವ ಹೇಳುತ್ತಾರೆ. ನಮಗೆ ಬೇಕಾದದ್ದು ಅದೇ.