ಹಗ್ಗ ಹುಡುಗರ ಕೈಯಲ್ಲಿ, ಹಿರಿಯರ ಕೈ ಬೆನ್ನ ಹಿಂದೆ

ಶಾಲೆಯಲ್ಲಿದ್ದಾಗ ನಾನೂ ಸ್ಕೌಟ್ ಆಗಿದ್ದೆ. ಕೊರಳಿಗೆ ಸ್ಕಾರ್ಫು, ಕೈಯಲ್ಲಿ ಉದ್ದನೆಯ ಕೋಲು, ಎದೆಯ ತುಂಬ ಹೆಮ್ಮೆ. ಶಿಬಿರದ ಕೊನೆಯ ದಿನ ಹಿರಿಯ ಅಧಿಕಾರಿಗಳು ಬರುವವರಿದ್ದರು. ನಮ್ಮ ತಂಡ ಬಿದಿರು ಮತ್ತು ಹಗ್ಗ ಬಳಸಿ ಪುಟ್ಟದೊಂದು ಸೇತುವೆ ಕಟ್ಟಬೇಕಿತ್ತು. ನಾವು ಹಾಕಿದ ಗಂಟುಗಳು ಒಂದೊಂದಾಗಿ ಜಾರತೊಡಗಿದವು. ಗಾಬರಿಗೊಂಡ ಮೇಷ್ಟ್ರು ನಮ್ಮನ್ನು ಪಕ್ಕಕ್ಕೆ ಸರಿಸಿ, ತೋಳು ಮಡಚಿ, ತಾವೇ ಹಗ್ಗ ಬಿಗಿದರು. ಸೇತುವೆ ನಿಂತಿತು. ಅಧಿಕಾರಿಗಳು ಮೆಚ್ಚಿದರು. ನಮಗೆ ಬಹುಮಾನವೂ ಬಂತು. ಆದರೆ ಆ ಗಂಟು ಹಾಕುವುದು ಮಾತ್ರ ನನಗೆ ಇಂದಿಗೂ ಬಾರದು.

ಮೇಷ್ಟ್ರನ್ನು ದೂರುವ ಉದ್ದೇಶ ನನಗಿಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಮಾಡುತ್ತಿದ್ದರೇನೋ. ಆದರೆ ಸ್ಕೌಟ್ ಚಳವಳಿಯ ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆಯನ್ನು ಓದುತ್ತಾ ಹೋದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಈ ಚಳವಳಿ ಹುಟ್ಟಿದ ದಿನದಿಂದಲೂ ಅದನ್ನು ಕಾಡಿದ ಪ್ರಶ್ನೆ ಇದೇ: ಹಗ್ಗ ಯಾರ ಕೈಯಲ್ಲಿರಬೇಕು?

ಹುಡುಗರೇ ಮೊದಲು

ಸ್ಕೌಟ್ ಚಳವಳಿಯ ಸ್ಥಾಪಕ ರಾಬರ್ಟ್ ಬೇಡನ್ ಪೊವೆಲ್ ಬ್ರಿಟಿಷ್ ಸೇನಾಧಿಕಾರಿ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ, 1899ರ ಅಕ್ಟೋಬರ್‌ನಿಂದ 1900ರ ಮೇ ತಿಂಗಳವರೆಗೆ, 217 ದಿನಗಳ ಕಾಲ ಮಾಫೆಕಿಂಗ್ ಪಟ್ಟಣವನ್ನು ಶತ್ರುಗಳ ಮುತ್ತಿಗೆಯಿಂದ ಕಾಪಾಡಿದ ಕೀರ್ತಿ ಆತನದು. ಆಗ ಪಟ್ಟಣದ ಬಿಳಿಯರ ಮಕ್ಕಳನ್ನು ಸೇರಿಸಿ ಒಂದು ಕೆಡೆಟ್ ದಳ ಕಟ್ಟಲಾಗಿತ್ತು. ಪತ್ರ, ಸಂದೇಶಗಳನ್ನು ಹೊತ್ತು ಓಡಾಡುವುದು ಅವರ ಕೆಲಸ. ಅವರಿಗೆ ಸಾರ್ಜೆಂಟ್ ಮೇಜರ್ ಆಗಿದ್ದವನೂ ಗುಡ್‌ಇಯರ್ ಎಂಬ ಹುಡುಗನೇ. ದಳವನ್ನು ಕಟ್ಟಿದವರು ಲಾರ್ಡ್ ಎಡ್ವರ್ಡ್ ಸೆಸಿಲ್ ಎಂಬ ಅಧಿಕಾರಿಯಾದರೂ, ಹೊಣೆ ಹೊರಿಸಿದರೆ ಹುಡುಗರು ಹೊರಬಲ್ಲರು ಎಂಬ ಪಾಠ ಬೇಡನ್ ಪೊವೆಲ್ ಮನಸ್ಸಿನಲ್ಲಿ ಉಳಿಯಿತು.

1907ರ ಆಗಸ್ಟ್ 1ರಂದು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಆತ ಒಂದು ಪ್ರಯೋಗಕ್ಕೆ ಕೈಹಾಕಿದ. ಇಪ್ಪತ್ತು ಚಿಲ್ಲರೆ ಹುಡುಗರು. ಕೆಲವರು ಸಿರಿವಂತರ ಶಾಲೆಗಳವರು, ಉಳಿದವರು ಸುತ್ತಲಿನ ಊರುಗಳ ಸಾಮಾನ್ಯ ಮನೆತನದವರು. ಅವರನ್ನು ತೋಳ, ಗೂಳಿ, ಕಾಡುಕಾಗೆ ಮತ್ತು ಕರ್ಲ್ಯೂ ಎಂಬ ನೀರಹಕ್ಕಿಯ ಹೆಸರಿನ ನಾಲ್ಕು ತಂಡಗಳಾಗಿ ವಿಂಗಡಿಸಿದ. ಪ್ರತಿ ತಂಡಕ್ಕೂ ಒಬ್ಬ ಹುಡುಗನೇ ನಾಯಕ. ತನ್ನ ತಂಡದವರ ನಡತೆಗೆ ಆತನೇ ಜವಾಬ್ದಾರ. ರಾತ್ರಿ ಸರದಿಯ ಮೇಲೆ ಒಂದೊಂದು ತಂಡ ಹಿಟ್ಟು, ಆಲೂಗಡ್ಡೆ, ಮಾಂಸ, ಚಹಾಪುಡಿ ಪಡೆದು ಶಿಬಿರದಿಂದ ದೂರ ಹೋಗಿ, ತಾನೇ ಬೇಯಿಸಿಕೊಂಡು ತಿಂದು, ಕಾವಲು ಕಾಯಬೇಕಿತ್ತು. ಕತ್ತಲಲ್ಲಿ ಹಿರಿಯರು ಸದ್ದಿಲ್ಲದೆ ತೆವಳಿ ಬಂದು ಕಾವಲು ಎಷ್ಟು ಬಿಗಿಯಾಗಿದೆ ಎಂದು ಪರೀಕ್ಷಿಸುತ್ತಿದ್ದರು. ಹಿರಿಯರು ಇದ್ದಾರೆ, ಆದರೆ ಕಾಣಿಸುವುದಿಲ್ಲ. ಇಡೀ ಪದ್ಧತಿಯ ತಿರುಳು ಆ ಕತ್ತಲಲ್ಲಿಯೇ ಇತ್ತು ಎನ್ನಬಹುದು.

ಮುಂದಿನ ವರ್ಷ, 1908ರ ಜನವರಿಯಿಂದ, ಆತನ 'ಸ್ಕೌಟಿಂಗ್ ಫಾರ್ ಬಾಯ್ಸ್' ಪುಸ್ತಕ ಹದಿನೈದು ದಿನಗಳಿಗೊಂದರಂತೆ ಆರು ಕಂತುಗಳಲ್ಲಿ ಹೊರಬಂತು. ಅದಾಗಲೇ ಇದ್ದ ಬಾಲಕರ ಸಂಘಗಳು ಇದನ್ನು ಬಳಸಿಕೊಳ್ಳಲಿ ಎಂಬುದಷ್ಟೇ ಆತನ ಎಣಿಕೆಯಾಗಿತ್ತು. ಆದರೆ ನಡೆದದ್ದು ಬೇರೆ. ಬೀದಿ ಬೀದಿಗಳಲ್ಲಿ ಹುಡುಗರು ಕಂತು ಕೊಂಡು ಓದಿ, ತಾವೇ ಗುಂಪು ಕಟ್ಟಿ, ನಾಯಕನನ್ನು ಆರಿಸಿಕೊಂಡು, ಆಮೇಲೆ ತಮಗೊಬ್ಬ ಸ್ಕೌಟ್ ಮಾಸ್ಟರ್ ಬೇಕೆಂದು ದೊಡ್ಡವರನ್ನು ಹುಡುಕಿಕೊಂಡು ಹೊರಟರು! ಸಾಮಾನ್ಯವಾಗಿ ಹಿರಿಯರು ಸಂಘ ಕಟ್ಟಿ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. ಇಲ್ಲಿ ಮಕ್ಕಳು ಸಂಘ ಕಟ್ಟಿ ಹಿರಿಯರನ್ನು ಸೇರಿಸಿಕೊಂಡಿದ್ದರು. 1909ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸುಮಾರು 11,000 ಹುಡುಗರ ಮೇಳ ನಡೆದಾಗ, ಕರೆಯದಿದ್ದರೂ ಬಂದು ನಿಂತ ಹುಡುಗಿಯರ ಗುಂಪೂ ಅಲ್ಲಿತ್ತು. 'ನಾವೂ ಸ್ಕೌಟ್‌ಗಳೇ' ಎಂಬುದು ಅವರ ಹಟ. 1910ರಲ್ಲಿ ಗರ್ಲ್ ಗೈಡ್ಸ್ ಸಂಸ್ಥೆ ರೂಪುಗೊಳ್ಳಲು ಈ ಹಟವೂ ಕಾರಣ.

ಪಟ್ರೋಲ್ ಎಂಬ ಗುಟ್ಟು

ಈ ಉತ್ಸಾಹವನ್ನು ಒಂದು ವ್ಯವಸ್ಥೆಯಾಗಿ ಬಿಡಿಸಿ ಬರೆದವರು ರೋಲಂಡ್ ಫಿಲಿಪ್ಸ್ ಎಂಬ ತರುಣ. 1914ರಲ್ಲಿ ಬಂದ ಅವರ 'ದಿ ಪಟ್ರೋಲ್ ಸಿಸ್ಟಮ್' ಇಂದಿಗೂ ಸ್ಕೌಟ್ ಮಾಸ್ಟರುಗಳು ಓದುವ ಪುಸ್ತಕ. ಫಿಲಿಪ್ಸ್ 1916ರ ಜುಲೈನಲ್ಲಿ, ಸೋಮ್ ಕದನದಲ್ಲಿ, ತಮ್ಮ ಇಪ್ಪತ್ತಾರನೆಯ ವಯಸ್ಸಿನಲ್ಲೇ ಮಡಿದರು.

ವ್ಯವಸ್ಥೆ ಸರಳ. ಆರರಿಂದ ಎಂಟು ಮಕ್ಕಳ ಗುಂಪೇ ಪಟ್ರೋಲ್. ಅದಕ್ಕೊಬ್ಬ ನಾಯಕ, ಅವನಿಗೊಬ್ಬ ಸಹಾಯಕ. ಹೊಸಬನಿಗೆ ಗಂಟು ಕಲಿಸುವುದು, ಅಡುಗೆಗೆ ಸೌದೆ ಹೊಂದಿಸುವುದು, ಅಳುವ ಚಿಕ್ಕವನನ್ನು ಸಮಾಧಾನಪಡಿಸುವುದು, ಎಲ್ಲವೂ ನಾಯಕನ ಪಾಲಿನದು. ಇಂಥ ಮೂರು ನಾಲ್ಕು ಪಟ್ರೋಲ್‌ಗಳು ಸೇರಿದರೆ ಒಂದು ದಳ. ನಾಯಕರೆಲ್ಲ ಒಟ್ಟಾಗಿ ಕೂರುವ ಸಭೆಗೆ 'ಕೋರ್ಟ್ ಆಫ್ ಆನರ್' ಎಂದು ಹೆಸರು. ಮುಂದಿನ ತಿಂಗಳ ಕಾರ್ಯಕ್ರಮವೇನು, ಕೂಡಿಸಿದ ಹಣ ಹೇಗೆ ಖರ್ಚಾಗಬೇಕು, ತಪ್ಪು ಮಾಡಿದವನಿಗೆ ಏನು ಹೇಳಬೇಕು ಎಂಬುದನ್ನು ತೀರ್ಮಾನಿಸುವುದು ಈ ಸಭೆ. ಸ್ಕೌಟ್ ಮಾಸ್ಟರ್ ಅಲ್ಲಿ ಕೂರುತ್ತಾರೆ, ಕೇಳಿದರೆ ಸಲಹೆ ಕೊಡುತ್ತಾರೆ. ಆದರೆ ಮತ ಹಾಕುವುದಿಲ್ಲ.

ಹೇಳುವುದು ಸುಲಭ, ಮಾಡುವುದು ಕಷ್ಟ. ಹನ್ನೆರಡರ ಹುಡುಗ ಒಲೆ ಹೊತ್ತಿಸಲು ಅರ್ಧ ಗಂಟೆ ಒದ್ದಾಡುವಾಗ, ಅರೆಬೆಂದ ಅನ್ನ ಬಡಿಸುವಾಗ, ಪಕ್ಕದಲ್ಲಿ ಸುಮ್ಮನೆ ಕೂರುವುದು ದೊಡ್ಡವರಿಗೆ ಎಂಥ ಪರೀಕ್ಷೆ! ಈ ಸತ್ಯ ಬೇಡನ್ ಪೊವೆಲ್‌ಗೂ ತಿಳಿದಿತ್ತು. 1919ರಲ್ಲಿ ಲಂಡನ್ ಸಮೀಪದ ಗಿಲ್ವೆಲ್ ಪಾರ್ಕಿನಲ್ಲಿ ಸ್ಕೌಟ್ ಮಾಸ್ಟರುಗಳ ತರಬೇತಿ ಆರಂಭವಾದಾಗ, ದೊಡ್ಡವರನ್ನೂ ಪಟ್ರೋಲ್‌ಗಳಾಗಿ ವಿಂಗಡಿಸಿ, ಹುಡುಗರಂತೆಯೇ ಡೇರೆಯಲ್ಲಿ ಮಲಗಿಸಿ, ತಮ್ಮ ಅಡುಗೆ ತಾವೇ ಮಾಡಿಕೊಳ್ಳುವಂತೆ ಮಾಡಲಾಯಿತು. ನಾಯಕತ್ವ ಬಿಟ್ಟುಕೊಡಬೇಕಾದವರು ಮೊದಲು ಇನ್ನೊಬ್ಬರ ನಾಯಕತ್ವದಲ್ಲಿ ಬದುಕಿ ನೋಡಲಿ ಎಂಬುದು ಅದರ ಹಿಂದಿನ ತರ್ಕ.

ಎಷ್ಟು ದೂರ ಸರಿಯಬೇಕು?

ಹಾಗಾದರೆ ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡುವುದೇ? ಖಂಡಿತ ಅಲ್ಲ. 1912ರ ಆಗಸ್ಟ್ 4ರಂದು ಲಂಡನ್ನಿನ ವಾಲ್‌ವರ್ತ್ ದಳದ ಹುಡುಗರು ದೋಣಿಯಲ್ಲಿ ಶಿಬಿರಕ್ಕೆ ಹೊರಟಿದ್ದರು. ಲೇಸ್‌ಡೌನ್ ಕರಾವಳಿಯ ಬಳಿ ಬಿರುಗಾಳಿಗೆ ದೋಣಿ ಮಗುಚಿತು. ಒಂಬತ್ತು ಹುಡುಗರು ಸತ್ತರು. ಹಿರಿಯರು ಅದೇ ದೋಣಿಯಲ್ಲಿದ್ದರು. ನೀರಿನಲ್ಲಿ ಹೋರಾಡಿ ಕೆಲವರನ್ನು ಉಳಿಸಿಕೊಂಡರು. ನೀರು, ಗಾಳಿ, ಬೆಂಕಿಗಳಿಗೆ ನಾಯಕನ ವಯಸ್ಸು ತಿಳಿಯದು. ಅಪಾಯದ ಅಳತೆ ಹಿರಿಯರ ಹೊಣೆಯೇ ಹೊರತು ಹದಿಮೂರರ ಹುಡುಗನದಲ್ಲ.

ಇನ್ನೊಂದು ಅಪಾಯ ಹೊರಗಿನದಲ್ಲ, ಹಿರಿಯರೊಳಗಿನದೇ. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ಶಂಕೆಯುಳ್ಳ ಕಾರ್ಯಕರ್ತರ ಕಡತಗಳನ್ನು ದಶಕಗಳ ಕಾಲ ಗುಟ್ಟಾಗಿ ಇಟ್ಟುಕೊಂಡಿತ್ತು. ನ್ಯಾಯಾಲಯದ ಆದೇಶದಂತೆ 2012ರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಕಡತಗಳು ಬಹಿರಂಗವಾದವು. 2020ರ ಫೆಬ್ರವರಿಯಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಪರಿಹಾರ ಕೋರಿ ಬಂದವರು 82,000ಕ್ಕೂ ಹೆಚ್ಚು ಮಂದಿ. ಸುಮಾರು 246 ಕೋಟಿ ಡಾಲರ್ ಪರಿಹಾರದ ಒಪ್ಪಂದ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 2025ರ ಫೆಬ್ರವರಿಯಿಂದ ಆ ಸಂಸ್ಥೆಯ ಹೆಸರು 'ಸ್ಕೌಟಿಂಗ್ ಅಮೆರಿಕ'. ಹೆಸರು ಬದಲಾಗಬಹುದು, ಆ ಮಕ್ಕಳ ಕಳೆದುಹೋದ ಬಾಲ್ಯ ಮರಳುವುದೇ?

ಅಲ್ಲಿ ಈಗ ಕಟ್ಟುನಿಟ್ಟಾದ ನಿಯಮವೊಂದಿದೆ. ಯಾವುದೇ ಚಟುವಟಿಕೆಯಲ್ಲಿ ಕನಿಷ್ಠ ಇಬ್ಬರು ವಯಸ್ಕರು ಇರಲೇಬೇಕು. ಒಬ್ಬ ಹಿರಿಯ, ಒಂದು ಮಗು ಮಾತ್ರ ಏಕಾಂತದಲ್ಲಿ ಇರುವಂತಿಲ್ಲ. ಮೇಲುನೋಟಕ್ಕೆ ಇದು ಮಕ್ಕಳ ಸ್ವಾತಂತ್ರ್ಯಕ್ಕೆ ಅಡ್ಡಿಯೆಂದು ಕಾಣಬಹುದು. ವಾಸ್ತವವಾಗಿ ಹಾಗಲ್ಲ. ಇಬ್ಬರು ಹಿರಿಯರು ಇರುವುದು ಮಕ್ಕಳ ಕೆಲಸವನ್ನು ತಾವು ಮಾಡುವುದಕ್ಕಲ್ಲ. ಸುರಕ್ಷತೆ ನೋಡಿಕೊಳ್ಳುವುದಕ್ಕೆ, ಜೊತೆಗೆ ಒಬ್ಬರ ಮೇಲೊಬ್ಬರು ಕಣ್ಣಿಡುವುದಕ್ಕೆ. ಕಾವಲು ಹಿರಿಯರದು, ಕಾರುಬಾರು ಮಕ್ಕಳದು. ಈ ಗೆರೆ ಸ್ಪಷ್ಟವಾಗಿದ್ದರೆ ಎರಡೂ ಒಟ್ಟಿಗೆ ನಡೆಯಬಲ್ಲವು. ನಮ್ಮಲ್ಲೂ 2012ರ ಪೋಕ್ಸೊ ಕಾಯ್ದೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಮುಚ್ಚಿಡುವುದನ್ನೂ ಅಪರಾಧವೆಂದೇ ಪರಿಗಣಿಸುತ್ತದೆ.

ನಮ್ಮ ನೆಲದಲ್ಲಿ

ಭಾರತದಲ್ಲಿ ಸ್ಕೌಟ್ ಚಳವಳಿ ಕಾಲಿಟ್ಟದ್ದು ನಮ್ಮ ಬೆಂಗಳೂರಿನಲ್ಲೇ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. 1909ರಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಇಲ್ಲಿ ಮೊದಲ ದಳ ಕಟ್ಟಿದರು. ಆದರೆ ಆಗ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮೀಸಲು. ಭಾರತೀಯ ಹುಡುಗರ ಕೈಗೆ ಹಗ್ಗ ಕೊಟ್ಟರೆ ಅದು ಎಲ್ಲಿಗೆ ಎಳೆದೀತೋ ಎಂಬ ಅಂಜಿಕೆ ಆಳುವವರಿಗೆ! ಸುಮ್ಮನೆ ಕೂರದ ನಮ್ಮವರು ತಮ್ಮದೇ ದಾರಿ ಹಿಡಿದರು. 1913ರಲ್ಲಿ ಶಹಜಹಾನ್‌ಪುರದಲ್ಲಿ ಶ್ರೀರಾಮ ಬಾಜಪೇಯಿ, 1916ರಲ್ಲಿ ಮದರಾಸಿನಲ್ಲಿ ಅನಿಬೆಸೆಂಟ್, 1918ರಲ್ಲಿ ಅಲಹಾಬಾದಿನಲ್ಲಿ ಮದನಮೋಹನ ಮಾಳವೀಯ ಮತ್ತು ಹೃದಯನಾಥ ಕುಂಜ್ರು ಅವರ ಸೇವಾ ಸಮಿತಿ, ಹೀಗೆ ಭಾರತೀಯ ದಳಗಳು ಬೆಳೆದವು. ಸ್ವಾತಂತ್ರ್ಯಾನಂತರ 1950ರ ನವೆಂಬರ್ 7ರಂದು ಈ ಹಲವು ಸಂಸ್ಥೆಗಳು ಒಂದಾಗಿ 'ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್' ಹುಟ್ಟಿತು. 1951ರಲ್ಲಿ ಬಾಲಕಿಯರ ಗೈಡ್ಸ್ ಕೂಡ ಸೇರಿಕೊಂಡಿತು. ಕರ್ನಾಟಕದಲ್ಲಿ ಇದಕ್ಕೆ ಬಲ ತುಂಬಿದವರಲ್ಲಿ ಕೊಂಡಜ್ಜಿ ಬಸಪ್ಪನವರದು ದೊಡ್ಡ ಹೆಸರು. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯ ಸಡಗರ ಹಲವರಿಗೆ ನೆನಪಿರಬಹುದು.

ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಇಂಗ್ಲೆಂಡಿನಲ್ಲಿ ದಳಗಳು ಬಹುಮಟ್ಟಿಗೆ ಬಡಾವಣೆಗಳಲ್ಲಿ, ಸಮುದಾಯದ ಸಭಾಂಗಣಗಳಲ್ಲಿ ಬೆಳೆದವು. ನಮ್ಮಲ್ಲಿ ಹೆಚ್ಚಿನವು ಶಾಲೆಯೊಳಗಿನವು. ಇಲ್ಲಿ ಸ್ಕೌಟ್ ಮಾಸ್ಟರ್ ಎಂದರೆ ತರಗತಿಯಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರೇ. ಗೈಡ್ ಕ್ಯಾಪ್ಟನ್ ಎಂದರೆ ಕನ್ನಡ ಟೀಚರೇ. ಇದರಿಂದ ಬಡವರ ಮಕ್ಕಳಿಗೂ ಖರ್ಚಿಲ್ಲದೆ ಸ್ಕೌಟಿಂಗ್ ದಕ್ಕಿತು, ಹಳ್ಳಿಗಳನ್ನೂ ಮುಟ್ಟಿತು. ಇದು ಸಣ್ಣ ಲಾಭವಲ್ಲ. ಆದರೆ ಬೆಳಿಗ್ಗೆ ಉತ್ತರಪತ್ರಿಕೆಗೆ ಅಂಕ ಹಾಕಿದ ಮೇಷ್ಟ್ರ ಮುಂದೆ ಸಂಜೆ ಎದ್ದು ನಿಂತು 'ಸಾರ್, ನಮ್ಮ ಪಟ್ರೋಲ್ ಬೇರೆ ರೀತಿ ಯೋಚಿಸಿದೆ' ಎನ್ನಲು ಎಷ್ಟು ಮಕ್ಕಳಿಗೆ ಧೈರ್ಯ ಬಂದೀತು? ಗುರುಹಿರಿಯರಿಗೆ ಎದುರಾಡಬಾರದೆಂದು ಬೆಳೆದ ಮಕ್ಕಳು ಅವರು. ಮೇಷ್ಟ್ರಿಗೂ ಅವರದೇ ಒತ್ತಡಗಳಿವೆ. ಪಾಠ ಮುಗಿಸಬೇಕು, ಪೆರೇಡ್ ಚೆನ್ನಾಗಿ ಕಾಣಬೇಕು, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪ್ರಶಸ್ತಿಗಳು ಶಾಲೆಗೆ ಬರಬೇಕು. ಪೋಷಕರೂ ಕಡಿಮೆಯಿಲ್ಲ, ಮಗುವಿನ ಲಾಗ್ ಪುಸ್ತಕವನ್ನು ತಾವೇ ಬರೆದುಕೊಡುವಷ್ಟು ಅವರ ಅಕ್ಕರೆ. ಎಲ್ಲರ ಉದ್ದೇಶವೂ ಒಳ್ಳೆಯದೇ. ನಡುವೆ ಕಳೆದುಹೋಗುವುದು ಮಾತ್ರ ಮಗು ತಪ್ಪು ಮಾಡಿ ಕಲಿಯುವ ಅವಕಾಶ.

ಇದಕ್ಕೆ ಹೊಸ ಯೋಜನೆಯಾಗಲಿ, ಹಣವಾಗಲಿ ಬೇಕಿಲ್ಲ. ಕೋರ್ಟ್ ಆಫ್ ಆನರ್ ಸಭೆಯನ್ನು ಕಾಗದದ ಮೇಲಲ್ಲದೆ ನಿಜವಾಗಿ ನಡೆಸಿದರೆ ಸಾಕು. ಅಲ್ಲಿ ಮೇಷ್ಟ್ರು ಕಡೆಯಲ್ಲಿ ಮಾತಾಡಿದರೆ ಸಾಕು. ಒಂದು ಶಿಬಿರದ ಊಟದ ಪಟ್ಟಿಯನ್ನು ಮಕ್ಕಳೇ ಮಾಡಲಿ. ಉಪ್ಪಿಟ್ಟಿಗೆ ಉಪ್ಪು ಹೆಚ್ಚಾದರೆ ಪ್ರಪಂಚ ಮುಳುಗದು. ಕೆರೆಯ ಅಂಚು, ಕತ್ತಲು, ಅಪರಿಚಿತರು, ಇವುಗಳತ್ತ ಮಾತ್ರ ಹಿರಿಯರ ಕಣ್ಣು ಎಂದೂ ಮುಚ್ಚದಿರಲಿ.

ನನ್ನ ಆ ಸೇತುವೆಯನ್ನೇ ನೋಡಿ. ಅಂದು ಮೇಷ್ಟ್ರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರೆ ಸೇತುವೆ ಅಧಿಕಾರಿಗಳ ಎದುರೇ ಕುಸಿಯುತ್ತಿತ್ತು, ಬಹುಮಾನ ಬೇರೆ ತಂಡಕ್ಕೆ ಹೋಗುತ್ತಿತ್ತು. ಮರುದಿನ ನಾವು ನಾಚಿಕೆಯಿಂದಲಾದರೂ ಆ ಗಂಟು ಕಲಿಯುತ್ತಿದ್ದೆವು.