ಪಟ್ಟವಿಲ್ಲದ ರಾಣಿ

ಫ್ರಾನ್ಸ್ ದೇಶದಲ್ಲಿ ಹೆಣ್ಣಿಗೆ ಸಿಂಹಾಸನದ ಹಕ್ಕಿರಲಿಲ್ಲ. ಆದರೂ 1643ರಲ್ಲಿ ಹದಿನಾಲ್ಕನೆಯ ಲೂಯಿ ಐದು ತುಂಬುವ ಮೊದಲೇ ದೊರೆಯಾದಾಗ ರಾಜ್ಯಸೂತ್ರ ತಾಯಿ ಆನ್ ರಾಣಿಯ ಕೈಗೆ ಬಂದಿತು. ಪಟ್ಟಕ್ಕೆ ಸಲ್ಲದವಳು ಪಟ್ಟದ ಹುಡುಗನ ತಾಯಿಯಾಗಿ ಆಳಬಹುದಿತ್ತು!

ನಮ್ಮ ಮೈಸೂರಿನ ಮಹಾರಾಣಿ ಲಕ್ಷ್ಮಮ್ಮಣ್ಣಿಯವರಿಗೆ ಅಷ್ಟೂ ಒದಗಲಿಲ್ಲ. ಮೇಟಗಳ್ಳಿಯಿಂದ ಹತ್ತು ಮೈಲಿಯೊಳಗೇ ಇರುವ ಶ್ರೀರಂಗಪಟ್ಟಣ ಆಗ ರಾಜಧಾನಿ. 1766ರಲ್ಲಿ ಪತಿ ಇಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡಾಗ ಅಧಿಕಾರವೆಲ್ಲ ಹೈದರನದು. ಮುಂದೆ 1776ರಲ್ಲಿ ಪಟ್ಟಕ್ಕೆ ಹುಡುಗನನ್ನು ಆರಿಸಿದವನೂ ಅವನೇ. ಸೈನ್ಯವಿಲ್ಲ, ಬೊಕ್ಕಸವಿಲ್ಲ. ಮನೆತನದ ಹಿರಿಯರಾಗಿ ಮಾತನಾಡುವ ಹಕ್ಕೊಂದೇ ರಾಣಿಯವರಿಗೆ ಉಳಿದ ಬಂಡವಾಳ. ಅದರ ಬಲದಿಂದಲೇ 1782ರಲ್ಲಿ ತಂಜಾವೂರಿನಲ್ಲಿ ತಿರುಮಲರಾಯರು ಅವರ ಪರವಾಗಿ ಇಂಗ್ಲಿಷರೊಡನೆ ಕರಾರು ಮಾಡಿಕೊಂಡರು. ಪರಕೀಯರ ನೆರವು ಬೇಡಿದ್ದು ಸರಿಯೇ ಎಂದು ಕೇಳುವವರುಂಟು. ಅವರಿಗೆ ತೆರೆದಿದ್ದ ಬೇರೆ ಬಾಗಿಲು ಯಾವುದಿತ್ತೆಂದೂ ಕೇಳಬೇಕಷ್ಟೆ.

ಟಿಪ್ಪು ಮಡಿದ ಮೇಲೆ, 1799ರ ಜೂನ್ 30ರಂದು ಮುಮ್ಮಡಿ ಕೃಷ್ಣರಾಜರಿಗೆ ಪಟ್ಟವಾಯಿತು. ಅವರಿಗೂ ಐದು ತುಂಬಿರಲಿಲ್ಲ. ಮೂರು ದಶಕ ಕಾದ ಅಜ್ಜಿಯ ಕೈಗೆ ಈಗಲಾದರೂ ಆಡಳಿತ ಬಂದಿತೇ? ಇಲ್ಲ. ಆಡಳಿತ ದಿವಾನ್ ಪೂರ್ಣಯ್ಯನವರಿಗೆ, ಮೇಲ್ವಿಚಾರಣೆ ಇಂಗ್ಲಿಷ್ ರೆಸಿಡೆಂಟನಿಗೆ, ವರ್ಷಕ್ಕೆ 7 ಲಕ್ಷ ವರಾಹ ಕಂಪನಿಗೆ! ರಾಣಿಯವರ ಪಾಲಿಗೆ ಹುಡುಗನ ಲಾಲನೆಪಾಲನೆ. ಆನ್ ರಾಣಿಯ ನೆತ್ತಿಯ ಮೇಲೆ ಕಂಪನಿಯೊಂದು ಕುಳಿತಿರಲಿಲ್ಲವೆಂಬುದನ್ನು ಮರೆಯಬಾರದು.

ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ತೀರಿಕೊಂಡರು. ಬಾಲಕ ದೊರೆಯ ತಾಯಿ ರೀಜೆಂಟರಾಗಿ ಮೈಸೂರನ್ನು ಆಳಿದ್ದು 1895ರಿಂದ 1902ರವರೆಗೆ, ವಾಣಿವಿಲಾಸ ಸನ್ನಿಧಾನದವರ ಕಾಲದಲ್ಲಿ.